ಗುಬ್ಬಿಯ ದವಡೆ, ನನ್ನ ದವಡೆ

ಜೂನ್ ೩, ಮಂಗಳವಾರ

ಮೂವತ್ತು ವರ್ಷ ಊರಿನವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಈಗ ನನ್ನ ಬಾಯಿಗೇ ಬೀಗ. ಕೆಲಸದ ಕೋಣೆಯ ಮೆಟ್ಟಿಲಲ್ಲಿ ಜಾರಿದೆ, ಗದ್ದ ಹೋಗಿ ಮೇಜಿನ ಅಂಚಿಗೆ ಬಡಿಯಿತು, ಕೆಳದವಡೆ ಎರಡು ಕಡೆ ಬಿರುಕು. ಆಸ್ಪತ್ರೆಯವರು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿದು ಕಳಿಸಿದ್ದಾರೆ. ಆರು ವಾರ ಹೀಗೇ. ಕೆಲಸವೂ ಅಚ್ಚುಕಟ್ಟಾಗಿಲ್ಲ, ಎಡಗಡೆ ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದೆ. ನಾನಾಗಿದ್ದರೆ ಇಂಥ ತುದಿ ಬಿಟ್ಟು ಗಿರಾಕಿಯನ್ನು ಬಾಗಿಲು ದಾಟಿಸುತ್ತಿರಲಿಲ್ಲ.

ಹಲ್ಲಿನ ಸಂದಿಯಿಂದ ಮಾತಾಡಬಹುದಂತೆ. ಒಮ್ಮೆ ಆಡಿ ನೋಡಿದೆ. ಕುಕ್ಕರ್ ಸೀಟಿ ಹಾಕಿದಂತಾಯಿತು, ಮಗಳು ಆ ಕಡೆ ತಿರುಗಿ ನಕ್ಕಳು. ಇನ್ನು ತಂತಿ ಬಿಚ್ಚುವವರೆಗೆ ನನ್ನಿಂದ ಒಂದು ಶಬ್ದವೂ ಬರುವುದಿಲ್ಲ. ಅದಕ್ಕೇ ಈ ದಿನಚರಿ. ಹೇಳದೆ ಉಳಿದದ್ದು ಎಲ್ಲಾದರೂ ಹೋಗಬೇಕಲ್ಲ.

ಆರೈಕೆಗೆಂದು ಮಗಳು ತನ್ನ ಮನೆಗೆ ಕರೆತಂದಿದ್ದಾಳೆ. ಅವಳದು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಎಕ್ಸ್‌ರೇ ಪರದೆಯ ಮೇಲೆ ನೋಡುವ ಕೆಲಸ. ಮಧ್ಯಾಹ್ನ ಹೋದರೆ ಬರುವುದು ಎಲ್ಲರ ಊಟ ಮುಗಿದ ಮೇಲೆ. ಜಗತ್ತಿನ ಪೆಟ್ಟಿಗೆಗಳ ಒಳಗೆಲ್ಲ ಇಣುಕುವವಳಿಗೆ ಈ ಗಂಡನ ತಲೆಯೊಳಗೆ ಏನೂ ಇಲ್ಲವೆಂಬುದು ಮದುವೆಗೆ ಮುಂಚೆ ಕಾಣಿಸಲಿಲ್ಲ. ಹಾಗಾಗಿ ನನ್ನನ್ನು ನೋಡಿಕೊಳ್ಳುವವನು ಅಳಿಯ. ಇವನು ಯಂತ್ರಗಳ ಜೊತೆ ಡಬ್ಬಿಯಲ್ಲಿ ಬರುವ ಬಳಕೆಯ ಪುಸ್ತಕ ಬರೆಯುತ್ತಾನೆ, ಅಂದರೆ ಯಾರೂ ಓದದೆ ಎಸೆಯುವ ಪುಸ್ತಕ. ಮನೆಯಲ್ಲೇ ಕೂತು ಬರೆಯುತ್ತಾನೆ.

ನನಗೆ ವಾಂತಿ ಬಂದು ಉಸಿರು ಕಟ್ಟಿದರೆ ತಂತಿ ಕತ್ತರಿಸಲೆಂದು ಆಸ್ಪತ್ರೆಯವರು ಒಂದು ಸಣ್ಣ ಕಟ್ಟರ್ ಕೊಟ್ಟಿದ್ದಾರೆ. ಅದನ್ನು ನನ್ನ ಹಾಸಿಗೆಯ ಹತ್ತಿರ ಇಡುವುದು ಬಿಟ್ಟು, ದಾರ ಕಟ್ಟಿ ತನ್ನ ಕುತ್ತಿಗೆಗೇ ನೇತುಹಾಕಿಕೊಂಡಿದ್ದಾನೆ. ಕರೆಂಟಿನವನು ಪದಕ ಗೆದ್ದು ಬಂದಂತೆ ಕಾಣುತ್ತಾನೆ.

ಇದು ಸಾಲದೆಂದು ಒಂದು ನಾಯಿ. ಎರಡು ತಿಂಗಳ ಹಿಂದೆ ಬೀದಿನಾಯಿಗಳ ಆಶ್ರಯದಿಂದ ತಂದದ್ದಂತೆ. ಹೆಣ್ಣು, ಎಮ್ಮೆಕರುವಿನ ಗಾತ್ರ, ಬೂದಿ ಬಣ್ಣ, ಹೆಸರು ಗುಬ್ಬಿ. ಹೆಸರಿಟ್ಟವನು ಯಾರೆಂದು ಕೇಳಬೇಕಾಗಿಲ್ಲ.

ಜೂನ್ ೪, ಬುಧವಾರ

ಈ ಮನೆಗೆ ಬೆಳಗಾಗುವುದು ಮಿಕ್ಸಿಯಿಂದ. ಮೊದಲು ನನ್ನದು: ಬೇಯಿಸಿದ ಅನ್ನ, ತರಕಾರಿ, ಹಾಲು, ಎಲ್ಲವನ್ನೂ ತಿರುಗಿಸಿ, ಸೋಸಿ, ಸ್ಟ್ರಾ ಹಾಕಿ ಒಂದು ಲೋಟ. ಆಮೇಲೆ ಆ ಪ್ರಾಣಿಯದು, ಸಂಜೆಯ ಊಟಕ್ಕೆ: ಹಸಿಮಾಂಸ, ಲಿವರ್, ಒಂದು ಮೊಟ್ಟೆ, ಒಂದು ಹಿಡಿ ಸೊಪ್ಪು, ಮೂಳೆಯ ಪುಡಿ. ನಾಯಿಗೆ ಬೇಯಿಸಿದ್ದು ಹಾಕಬಾರದಂತೆ, ಹಸಿ ಆಹಾರವೇ ಅದರ ಹುಟ್ಟುಗುಣಕ್ಕೆ ಸರಿಯಂತೆ. ಹುಟ್ಟುಗುಣ ಅಷ್ಟು ಬಲ್ಲವನು ಅದನ್ನು ಗಂಧ ತೇಯ್ದಂತೆ ಅರೆದು ಯಾಕೆ ಕೊಡುತ್ತಾನೋ. ತಕ್ಕಡಿಯಲ್ಲಿ ತೂಗಿ, ಚಮಚದಿಂದ ಎರಡು ಹನಿ ತೆಗೆದು, ಮತ್ತೆ ತೂಗುತ್ತಾನೆ. ಚಿನ್ನದಂಗಡಿಯವನೂ ಇಷ್ಟು ಜಿಪುಣನಲ್ಲ.

ಮಗಳು ನನಗೆ ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟಿದ್ದಾಳೆ. ಬರೆದು, ಮೇಲಿನ ಹಾಳೆ ಎತ್ತಿದರೆ ಬರೆದದ್ದೆಲ್ಲ ಮಾಯ. ಅದರಲ್ಲಿ ಬರೆದು ಕೇಳಿದೆ: ಜಾರು ಒಂದೇನಾ?

"ಬೇರೆ ಬೇರೆ ಅತ್ತೆ. ನಿಮ್ಮದಕ್ಕೆ ನೀಲಿ ಮುಚ್ಚಳ."

ಬಣ್ಣವಾದರೂ ಗೊತ್ತಾಗುತ್ತದಲ್ಲ, ಪುಣ್ಯ.

ಸಂಜೆ ನಾಯಿ ತಿಂದದ್ದನ್ನು ನೋಡಿದೆ. ತಿಂದದ್ದು ಅನ್ನಬಾರದು, ಬಳಿದದ್ದು. ನಾಲ್ಕು ಸಲ ನಾಲಿಗೆ ಆಡಿಸಿತು, ಬಟ್ಟಲು ಖಾಲಿ. ಆಮೇಲೆ ಆ ಖಾಲಿ ಬಟ್ಟಲನ್ನು ನೆಕ್ಕುತ್ತಾ ನೆಕ್ಕುತ್ತಾ ಗೋಡೆಯವರೆಗೆ ತಳ್ಳಿಕೊಂಡು ಹೋಯಿತು. ತಲೆಯೆತ್ತಿ ಅಳಿಯನ ಮುಖ ನೋಡಿತು. ಇವನು ಅದರ ಮುಖ ನೋಡಿದ. "ಸಾಕಾಗಲಿಲ್ವೇನೋ" ಎಂದು ತಕ್ಕಡಿಯನ್ನು ಅನುಮಾನದಿಂದ ನೋಡಿದ. ಇಬ್ಬರಲ್ಲಿ ಯಾರು ಹೆಚ್ಚು ದಡ್ಡರೆಂದು ಹೇಳುವುದು ಕಷ್ಟ.

ಜೂನ್ ೭, ಶನಿವಾರ

ಆ ಪ್ರಾಣಿ ಊಟದ ಮೇಜಿನ ಕುರ್ಚಿಯ ಕಾಲನ್ನು ಕಡಿದು ಹಾಕಿದೆ. ನಿನ್ನೆ ಮಗಳ ಡ್ಯೂಟಿ ಶೂ ಒಂದನ್ನು ಚಿಂದಿ ಮಾಡಿತ್ತು, ಅದಕ್ಕೂ ಮುಂಚೆ ಗೋಡೆಯ ಮೂಲೆ. ದಿನಾ ತಿಂದ ಮೇಲೇ ಈ ಅವತಾರ. ಹೊಟ್ಟೆ ತುಂಬಿದವರು ಮಲಗಬೇಕು; ಇದು ಕಳ್ಳನಂತೆ ಕೋಣೆ ಕೋಣೆ ಸುತ್ತುತ್ತದೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಡ ಹೆಂಡತಿ ಜಗಳ. ಬಾಯಿ ಕಟ್ಟಿದವಳಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡಿದ್ದಾರೆ.

"ನೋಡು, ಅಮ್ಮನ ತಂತಿ ಬಿಚ್ಚೋ ಹೊತ್ತಿಗೆ ಇದು ಸರಿ ಹೋಗಬೇಕು. ಇಲ್ಲ ಅಂದ್ರೆ ಆಶ್ರಯದೋರಿಗೆ ವಾಪಸ್."

"ಒಂದು ಸಲ ವಾಪಸ್ ಹೋದ ನಾಯೀನ ಯಾರೂ ಮತ್ತೆ ಕರ್ಕೊಂಡು ಹೋಗಲ್ಲ ಕಣೇ. ಗೂಡಲ್ಲೇ ಇರಬೇಕಾಗುತ್ತೆ."

"ಹಾಗಂತ ನಾನು ಬರಿಗಾಲಲ್ಲಿ ಡ್ಯೂಟಿಗೆ ಹೋಗ್ಲಾ?"

ಅಂತೂ ಮಗಳಿಗೆ ಒಂದಿಷ್ಟು ಬುದ್ಧಿ ಉಳಿದಿದೆ. ನಾನು ಸ್ಲೇಟು ಹಿಡಿದು ಒಳಗೆ ಹೋದೆ: ತಂತಿಗೆ ಯಾಕೆ ಕಾಯುತ್ತೀರಿ, ಇವತ್ತೇ ಕಳಿಸಿ. ಅಳಿಯ ಓದಿದ. ನನ್ನ ಲೋಟಕ್ಕೆ ಸ್ಟ್ರಾ ಹಾಕಿ ಕೊಟ್ಟ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ.

ತಂತಿ ಬಿಚ್ಚಿದ ದಿನ ಇವನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಗಂಟು ಕಟ್ಟುತ್ತಾ ಇದ್ದೇನೆ. ಗಂಟು ದೊಡ್ಡದಾಗುತ್ತಿದೆ.

ಜೂನ್ ೧೦, ಮಂಗಳವಾರ

ನಾಲ್ಕು ಲೋಟ ಕುಡಿದೆ. ಹೊಟ್ಟೆ ತಮಟೆಯಂತೆ ಬಿಗಿದಿದೆ. ಆದರೂ ಏನೋ ಬೇಕು, ಏನೋ ಬೇಕು. ಹಸಿವಲ್ಲ. ಏನೆಂದು ಹೇಳಲು ಬರುವುದಿಲ್ಲ.

ಅಳಿಯ ಮುಂದಿನ ಕೋಣೆಯಲ್ಲಿ ಬರೆಯುತ್ತಿದ್ದಾಗ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದೆ. ಬಿಸ್ಕತ್ತು. ಒಣ ಬ್ರೆಡ್ಡು. ಹುರಿದ ಕಡಲೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಎರಡೂ ಇದ್ದು ಮಧ್ಯೆ ತಂತಿ ಇದ್ದವಳ ಬಗ್ಗೆ ಯಾರೂ ಗಾದೆ ಕಟ್ಟಿಲ್ಲ.

ತಿರುಗಿ ನೋಡಿದರೆ ನಾಯಿ ನನ್ನ ಹಿಂದೆಯೇ ನಿಂತಿತ್ತು. ಅದೂ ಊಟ ಮುಗಿಸಿ ಬಂದದ್ದು. ನಾನು ಡಬ್ಬಿ ಮೂಸಿದೆ, ಅದೂ ಮೂಸಿತು. ಸದ್ಯ, ಯಾರೂ ನೋಡಲಿಲ್ಲ.

ಜೂನ್ ೧೩, ಶುಕ್ರವಾರ

ಸಿಟ್ಟಿಗೆ ಪೆನ್ನಿನ ಮೊನೆ ಹಾಳೆ ಹರಿದಿದೆ.

ಬಾಯಿ ಕಟ್ಟಿದರೂ ಕೈ ಕಟ್ಟಿಲ್ಲವೆಂದು ಸ್ವಲ್ಪ ಕೆಲಸವನ್ನು ಇಲ್ಲಿಗೇ ತಂದುಕೊಂಡಿದ್ದೆ. ಹಲ್ಲಿನ ಸೆಟ್ಟು ಮಾಡುವ ಮುಂಚೆ ಗಿರಾಕಿಯ ಬಾಯಿಗೆ ಗುಲಾಬಿ ಮೇಣದ ಕಟ್ಟೊಂದನ್ನು ಇಟ್ಟು ಕಚ್ಚಿಸುತ್ತೇವೆ. ಆ ಕಚ್ಚಿದ ಗುರುತೇ ನಮಗೆ ಜಾತಕ. ಯಾರು ಬಲಗಡೆಯಿಂದ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ಸಿಟ್ಟನ್ನು ಬಾಯಲ್ಲೇ ನುಂಗುತ್ತಾರೆ, ಎಲ್ಲ ಅದರಲ್ಲಿ ಕಾಣುತ್ತದೆ. ಹೊಸದಾಗಿ ಮಾಡಿ ಮೇಜಿನ ಮೇಲೆ ಆರಲು ಇಟ್ಟಿದ್ದ ಅಂಥ ಮೇಣದ ಕಟ್ಟೊಂದನ್ನು ಆ ಪ್ರಾಣಿ ಎತ್ತಿಕೊಂಡು ಹೋಗಿ ಮಂಚದ ಕೆಳಗೆ ಕೂತು ಅಗಿದು ಹಾಕಿದೆ.

ಕೋಲು ಹಿಡಿದು ಬಗ್ಗಿದೆ. ಮೇಣ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ, ಅಭ್ಯಾಸಬಲ.

ಮುಂದಿನ ಹಲ್ಲುಗಳ ಗುರುತು ಬರಿ ಹಿಡಿದುಕೊಳ್ಳುವಷ್ಟು. ಕಚ್ಚಿದ್ದೆಲ್ಲ ಹಿಂದಿನ ದೊಡ್ಡ ಹಲ್ಲುಗಳಿಂದ, ಕತ್ತರಿಯ ಎರಡು ಅಲಗು ಕೂಡುವಂತೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ. ಒಂದು ಚೂರನ್ನೂ ನುಂಗಿಲ್ಲ. ಎಲ್ಲ ಪುಡಿ ನೆಲದ ಮೇಲೇ ಇತ್ತು. ಹೋಗಿ ಕುರ್ಚಿಯ ಕಾಲು ನೋಡಿದೆ, ಅಲ್ಲೂ ಅದೇ ಗುರುತು, ಚೂರುಗಳೂ ಅವತ್ತು ಅಲ್ಲೇ ಬಿದ್ದಿದ್ದವು. ಹಿತ್ತಿಲ ಮೂಲೆಗೆ ಎಸೆದಿದ್ದ ಮಗಳ ಶೂ ತೆಗೆದು ನೋಡಿದೆ. ಅದೂ ಹಾಗೇ.

ತಿನ್ನಲು ಕಚ್ಚಿದ್ದಲ್ಲ. ಅಗಿಯಲು ಕಚ್ಚಿದ್ದು.

ಮೂರ್ಖ ಅಳಿಯ ತಕ್ಕಡಿ ನೋಡುತ್ತಾ ಕೂತಿದ್ದಾನೆ. ತೂಕದಲ್ಲಿ ಏನೂ ಕಮ್ಮಿ ಇಲ್ಲ. ಹೊಟ್ಟೆಗೆ ಬೇಕಾದದ್ದು ಹೊಟ್ಟೆಗೆ ಹೋಗುತ್ತಿದೆ. ದವಡೆಗೆ ಬೇಕಾದದ್ದು ಹೋಗುತ್ತಿಲ್ಲ. ನಾಲ್ಕು ನೆಕ್ಕಿಗೆ ಮುಗಿಯುವ ಊಟ ಊಟವೇ ಅಲ್ಲ, ಔಷಧಿ. ಅಷ್ಟು ದೊಡ್ಡ ಹಲ್ಲುಗಳಿಗೆ ಕೆಲಸ ಕೊಡದೆ ಕೂರಿಸಿದರೆ ಅವು ತಾವೇ ಕೆಲಸ ಹುಡುಕಿಕೊಳ್ಳುತ್ತವೆ. ಇದು ನನಗೆ ಗೊತ್ತು. ಹತ್ತು ದಿನದಿಂದ ಗೊತ್ತು.

ಹೇಳುವುದಿಲ್ಲ. ಹೇಳಿದರೆ ನಾಯಿ ಉಳಿಯುತ್ತದೆ. ಅದು ಹೋಗಬೇಕು ಅಂದವಳು ನಾನೇ.

ಜೂನ್ ೧೪, ಶನಿವಾರ

ಹೇಳಲಿಲ್ಲ.

ಜೂನ್ ೧೭, ಮಂಗಳವಾರ

ಇಂದು ಕಾಲಾಡಿಸಲೆಂದು ಹೊರಟೆ. ಮಾಂಸದಂಗಡಿ ದಾರಿಯಲ್ಲಿತ್ತು ಅಷ್ಟೆ. ನಾಯಿಯ ಕಾಟದಿಂದ ನನ್ನ ಮೇಣ ಉಳಿಯಬೇಕಾದರೆ ಅದರ ಬಾಯಿಗೆ ಏನಾದರೂ ತುರುಕಬೇಕು, ಬೇರೆ ಉದ್ದೇಶವಿಲ್ಲ.

ಸ್ಲೇಟಿನಲ್ಲಿ ಬರೆದು ತೋರಿಸಿದೆ: ನಾಯಿಗೆ ಮೂಳೆ.

ಕಟುಕ ಓದಿ, ನನ್ನ ಬಾಯಿ ನೋಡಿ, ಜೋರಾಗಿ ಕೂಗಿ ಹೇಳಿದ, ನಾನು ಕಿವುಡಿ ಎಂಬಂತೆ: "ಬಾತುಕೋಳಿ ಕತ್ತು ತಗೊಂಡು ಹೋಗಿ ಅಮ್ಮ. ನಾಯಿ ಇಟ್ಕೊಂಡಿರೋರೆಲ್ಲ ಅದನ್ನೇ ಒಯ್ತಾರೆ."

ಕತ್ತು ನೋಡಿದೆ. ಮೆತ್ತಗೆ, ಬಳಬಳ. ಬೊಚ್ಚುಬಾಯವರಿಗೆ ಸರಿ. ಹಲ್ಲು ಎಷ್ಟು ದೊಡ್ಡದೋ ಕೆಲಸವೂ ಅಷ್ಟು ಗಟ್ಟಿ ಇರಬೇಕು, ಇದು ನನ್ನ ಕಸುಬಿನಲ್ಲಿ ಮಗುವಿಗೂ ಗೊತ್ತು. ಅಂಗಡಿಯಲ್ಲೇ ಅತಿ ಗಟ್ಟಿಯಾದ ಕಾಲುಮೂಳೆಯನ್ನು ಬೆರಳು ಮಾಡಿ ತೋರಿಸಿದೆ. ಅವನು ಹೆಗಲು ಕುಣಿಸಿ ಕಟ್ಟಿಕೊಟ್ಟ.

ನಾಯಿ ಊಟ ಬಳಿದಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಮೂಳೆ ಹಾಕಿದೆ. ಅದನ್ನು ಎರಡು ಮುಂಗಾಲಿನ ನಡುವೆ ಹಿಡಿದು, ತಲೆ ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕಡಿಯುತ್ತಾ ಕೂತಿತು. ಗಂಟೆ ಕಳೆದರೂ ಏಳಲಿಲ್ಲ. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು ಅಲ್ಲೇ ಅಡ್ಡಾಗಿ ಮಲಗಿತು. ಕೋಣೆ ಸುತ್ತಲಿಲ್ಲ, ಏನನ್ನೂ ಕಡಿಯಲಿಲ್ಲ. ಮಗಳು ಬಂದವಳು "ಏನಾಯ್ತು ಇದಕ್ಕೆ, ಹುಷಾರಿಲ್ವಾ?" ಎಂದು ಕೇಳಿದಳು.

ನಾನು ನೋಡುತ್ತಾ ಕೂತದ್ದು ನಿಜ. ಬೇರೇನೂ ಕೆಲಸವಿರಲಿಲ್ಲ.

ಜೂನ್ ೨೦, ಶುಕ್ರವಾರ

ಗುಬ್ಬಿಯ ಹಲ್ಲು ಸೀಳಿದೆ.

ಮೇಲ್ದವಡೆಯ ಬಲಗಡೆ, ಹಿಂದಿನ ದೊಡ್ಡ ಹಲ್ಲು. ಮೂಳೆಯ ಪಕ್ಕದಲ್ಲೇ ಅದರ ಚೂರು ಬಿದ್ದಿತ್ತು, ಉಗುರಿನಷ್ಟು. ಬೇರೆ ಯಾರಾದರೂ ಆಗಿದ್ದರೆ ಮೂಳೆಯ ಚೂರೆಂದು ಗುಡಿಸುತ್ತಿದ್ದರು. ನನಗೆ ಕೈಗೆತ್ತಿಕೊಂಡ ಕೂಡಲೇ ತಿಳಿಯಿತು.

ಪಶುವೈದ್ಯೆ ಅರಿವಳಿಕೆ ಕೊಟ್ಟು ಹಲ್ಲು ಕಿತ್ತಳು. ನಾನೂ ಹೋಗಿದ್ದೆ. ಅವಳಿಗೆ ಮಗಳಷ್ಟು ವಯಸ್ಸು. ಹೇಳಿದಳು: "ಕಾಲುಮೂಳೆ ಇದರ ಹಲ್ಲಿಗಿಂತ ಗಟ್ಟಿ. ನಿಮ್ಮ ಉಗುರು ಒತ್ತಿದರೆ ಸ್ವಲ್ಪ ತಗ್ಗಬೇಕು, ಅಂಥದ್ದೇ ಕೊಡಬೇಕು. ಕತ್ತು, ಪಕ್ಕೆ, ಮೇಲೆ ಮಾಂಸ ಇರೋದು, ಹಸಿಯಾಗೇ. ಇದರ ದವಡೆ ನಮ್ಮ ಥರ ಅಡ್ಡಡ್ಡ ಹೋಗಿ ಅರೆಯಲ್ಲ. ಕತ್ತರಿಸುತ್ತೆ." ಕತ್ತರಿಯ ಗುರುತನ್ನು ಮೇಣದಲ್ಲಿ ಕಣ್ಣಾರೆ ನೋಡಿದವಳು ನಾನು. ಕತ್ತರಿಗೆ ಕಬ್ಬಿಣ ಕೊಟ್ಟವಳೂ ನಾನೇ. ಮನುಷ್ಯರ ಬಾಯಿಯ ಲೆಕ್ಕವನ್ನು ನಾಯಿಯ ಬಾಯಿಗೆ ಹಾಕಿದೆ. ಮೂವತ್ತು ವರ್ಷದ ಕಸುಬಂತೆ, ಮಣ್ಣು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. "ಯಾರು ಕೊಟ್ಟಿದ್ದು ಆ ಮೂಳೆ?"

ಅಳಿಯ ಬಾಯಿ ತೆರೆಯುವ ಮುಂಚೆ ಸ್ಲೇಟು ಎತ್ತಿದೆ: ನಾನು.

ಅವಳು ಸ್ಲೇಟನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. "ಇವರು ಹೆದರಿ ಹೆದರಿ ಅರೀತಾರೆ, ನೀನು ಕಲ್ಲು ಕೊಡ್ತೀಯ. ನಿಮ್ಮಿಬ್ಬರ ಮಧ್ಯೆ ಅದು ಬದುಕಲ್ಲ ಅಮ್ಮ. ಜುಲೈ ಹದಿನೈದಕ್ಕೆ ಬನ್ನಿ ಅಂತ ಆಶ್ರಯದೋರಿಗೆ ಹೇಳಿಬಿಡ್ತೀನಿ." ಜಗಳದ ದನಿಯಲ್ಲಿ ಹೇಳಿದ್ದರೆ ಬೇಸರವಾಗುತ್ತಿರಲಿಲ್ಲ.

ಅವಳು ಡ್ಯೂಟಿಗೆ ಹೋದ ಮೇಲೆ ಅಳಿಯ ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತ. ನಾನು ಕೇಳದೆಯೇ ಹೇಳಿದ. ಚಿಕ್ಕವನಾಗಿದ್ದಾಗ ಅವನ ಮನೆಯಲ್ಲಿ ಒಂದು ನಾಯಿ ಇತ್ತಂತೆ. ಊಟದ ತಟ್ಟೆಯಲ್ಲಿ ಉಳಿದ ಬೆಂದ ಮೂಳೆ ಹಾಕಿದನಂತೆ. ಗಂಟಲಲ್ಲಿ ಸಿಕ್ಕಿಕೊಂಡಿತು. "ಕೈ ಹಾಕಿದೆ ಅತ್ತೆ. ಸಿಗಲಿಲ್ಲ. ನನ್ನ ಮುಖಾನೇ ನೋಡ್ತಾ ಇತ್ತು." ಕುತ್ತಿಗೆಯ ಕಟ್ಟರನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದ. ಅದಕ್ಕೇ ಅರೆಯುತ್ತಾನೆ.

ಇಷ್ಟು ಹೇಳಲು ಇವನಿಗೆ ಇಷ್ಟು ದಿನ ಬೇಕಾಯಿತು. ಬಾಯಿ ಕಟ್ಟಿದ್ದು ನನಗೋ ಇವನಿಗೋ.

ಜೂನ್ ೨೪, ಮಂಗಳವಾರ

ಗುಬ್ಬಿಗೂ ಗಂಜಿ, ನನಗೂ ಗಂಜಿ. ಹತ್ತು ದಿನ ಮೆತ್ತಗಿನದೇ ಕೊಡಬೇಕಂತೆ. ಅವಳು ಬಾಯಿ ಓರೆ ಮಾಡಿ ನೆಕ್ಕುತ್ತಾಳೆ. ಅವಳ ಪಕ್ಕ ನೆಲದ ಮೇಲೆ ಕೂತು ನನ್ನ ಲೋಟ ಮುಗಿಸಿದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಜುಲೈ ೧, ಮಂಗಳವಾರ

ನಿನ್ನೆ ಕಟುಕನ ಅಂಗಡಿಗೆ ಹೋಗಿ ಬಾತುಕೋಳಿ ಕತ್ತು ತಂದೆ. ಅವನು ಮೀಸೆಯೊಳಗೇ ನಕ್ಕ. ನಗಲಿ. ಕತ್ತಿಗೆ ಉಗುರು ಒತ್ತಿ ನೋಡಿದೆ, ತಗ್ಗಿತು.

ಇವತ್ತು ಅಳಿಯನ ಮುಂದಿಟ್ಟೆ. ಅವನ ಮುಖ ಸುಣ್ಣದಂತಾಯಿತು. "ಬೇಡ ಅತ್ತೆ. ಇಡೀ ಕತ್ತು ನುಂಗಿಬಿಟ್ರೆ?"

ಸ್ಲೇಟಿನಲ್ಲಿ ಬರೆದೆ: ಒಂದು ತುದಿ ನಾನು ಹಿಡಿದಿರುತ್ತೇನೆ. ಬಿಟ್ಟರೆ ತಾನೆ ನುಂಗುವುದು.

ಗಿರಾಕಿಯ ಬಾಯಿಯ ಅಳತೆ ತೆಗೆಯುವಾಗ ಗದ್ದ ಹಿಡಿದುಕೊಳ್ಳುತ್ತೇವಲ್ಲ, ಹಾಗೆ ಗುಬ್ಬಿಯ ಎದುರು ಕೂತೆ. ಒಂದು ತುದಿ ನನ್ನ ಮುಷ್ಟಿಯಲ್ಲಿ, ಇನ್ನೊಂದು ಅವಳ ಎಡಗಡೆಯ ಹಿಂದಿನ ಹಲ್ಲಿಗೆ, ಯಾಕೆಂದರೆ ಬಲಗಡೆಯದನ್ನು ನಾನು ಕಳೆದಿದ್ದೇನೆ. ಎಳೆದು ಕಸಿದುಕೊಳ್ಳಲು ನೋಡಿದಳು; ಬಿಡಲಿಲ್ಲ. ಆಗ ತಲೆ ಓರೆ ಮಾಡಿ ಅಗಿಯತೊಡಗಿದಳು. ಕಟಕ್, ಕಟಕ್ ಎಂದು ಒಂದೊಂದೇ ಗಂಟು ಮುರಿಯುವ ಸದ್ದು. ಆ ಸದ್ದಿಗೆ ನನ್ನ ದವಡೆಯ ನರಗಳೆಲ್ಲ ಎದ್ದು ಕೂತವು. ತಂತಿಯ ಒಳಗೆ ನನ್ನ ಹಲ್ಲೂ ಬಿಗಿಯುತ್ತಿತ್ತು.

ಅಳಿಯ ಪಕ್ಕದಲ್ಲಿ ಕಟ್ಟರ್ ಹಿಡಿದು ನಿಂತಿದ್ದ. ನಾಯಿಯ ಗಂಟಲಲ್ಲಿ ಕತ್ತು ಸಿಕ್ಕಿದರೆ ತಂತಿ ಕತ್ತರಿಸುವ ಕಟ್ಟರಿನಿಂದ ಏನು ಮಾಡುತ್ತಾನೋ ದೇವರೇ ಬಲ್ಲ.

ಕೊನೆಯ ತುಂಡನ್ನು ಬಿಟ್ಟೆ. ಅಗಿದು ನುಂಗಿದಳು. ನನ್ನ ಮುಷ್ಟಿಯನ್ನು ಒಮ್ಮೆ ನೆಕ್ಕಿ, ಕಿಟಕಿಯ ಕೆಳಗೆ ಹೋಗಿ, ಆ ದೊಡ್ಡ ಉಸಿರು ಬಿಟ್ಟು ಮಲಗಿದಳು. ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಅಳಿಯ ಗೋಡೆಗೊರಗಿ ಹಾಗೇ ಕುಸಿದು ಕೂತ. ಕಣ್ಣಲ್ಲಿ ನೀರು. ಗಂಡಸಿಗೆ ಇಷ್ಟು ಹಗುರವಾದ ಕಣ್ಣು ಇರಬಾರದು. ಮುಖ ಒರೆಸಿಕೋ ಎಂದು ನನ್ನ ಕರವಸ್ತ್ರ ಎಸೆದೆ.

ಜುಲೈ ೮, ಮಂಗಳವಾರ

ವಾರದಿಂದ ಒಂದು ಕುರ್ಚಿ, ಒಂದು ಶೂ, ಒಂದು ಮೂಲೆಗೂ ಹಲ್ಲು ತಾಗಿಲ್ಲ. ಅರೆದದ್ದು ಅರ್ಧ, ಮೇಲೆ ಅಗಿಯಲು ಒಂದು ಕತ್ತು. ಈಗ ಅಳಿಯನೂ ಹಿಡಿಯಲು ಕಲಿತಿದ್ದಾನೆ, ಕೈ ಮಾತ್ರ ಅಂಜುಬುರುಕನ ಕೈ.

ಅವನು ಮಗಳಿಗೆ ಹೇಳಿ ನೋಡಿದ. ಅವಳು ಕೇಳಲಿಲ್ಲ. "ವಾರ ಸುಮ್ಮನಿರುತ್ತೆ, ಆಮೇಲೆ ಮತ್ತೆ ಅದೇ. ಹೇಳಿದ್ದು ಹೇಳಿದ್ದೇ." ಒಮ್ಮೆ ಮಾತು ಆಡಿದರೆ ಜಗತ್ತು ಮುಳುಗಿದರೂ ಬದಲಿಸುವವಳಲ್ಲ. ಇಂಥ ಮೊಂಡುತನ ಇವಳಿಗೆ ಎಲ್ಲಿಂದ ಬಂತೋ.

ಜುಲೈ ೧೫, ಮಂಗಳವಾರ

ಬೆಳಿಗ್ಗೆ ತಂತಿ ಬಿಚ್ಚಿದರು. ಬಾಯಿ ಎರಡು ಬೆರಳಿನಷ್ಟು ತೆರೆಯಿತು, ತುಕ್ಕು ಹಿಡಿದ ಕದದಂತೆ. "ಏನಾದ್ರೂ ಮಾತಾಡಿ" ಅಂದ ವೈದ್ಯ. ರಜೆ ಹಾಕಿ ಬಂದಿದ್ದ ಮಗಳೂ ಅಳಿಯನೂ ಬೈಸಿಕೊಳ್ಳಲು ತಯಾರಾಗಿ ಸಾಲಾಗಿ ನಿಂತಿದ್ದರು. ನಾನು ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಹೇಳಲಿಲ್ಲ.

ಸಂಜೆ ಆಶ್ರಯದ ಹೆಂಗಸು ವ್ಯಾನು ತಂದಳು. ಅಳಿಯ ಗುಬ್ಬಿಯ ಹಾಸಿಗೆ ಮಡಚಿ, ಬಟ್ಟಲು ತೊಳೆದು ಇಟ್ಟಿದ್ದ. ಜೊತೆಗೆ ನಾಲ್ಕು ಹಾಳೆ. ತನ್ನ ಬುದ್ಧಿ ಬಿಡುತ್ತಾನೆಯೇ, ನಾಯಿಗೂ ಬಳಕೆಯ ಪುಸ್ತಕ ಬರೆದಿದ್ದ. ಹಸಿಯಾಗಿಯೇ ಕೊಡಿ, ಬೇಯಿಸಬೇಡಿ. ಉಗುರು ಒತ್ತಿ ನೋಡಿ. ಒಂದು ತುದಿ ಬಿಡಬೇಡಿ. ಅವಸರ ಮಾಡಬೇಡಿ, ಅವಳಿಗೆ ಅಗಿಯಲು ಹೊತ್ತು ಬೇಕು. ಚಿತ್ರ ಬೇರೆ. ಕತ್ತು ಹಿಡಿದ ಕೈ ನನ್ನದು. ಮೇಣ ಕರಗಿಸುವ ದೀಪಕ್ಕೆ ಸುಟ್ಟ ಹೆಬ್ಬೆರಳಿನ ಕಲೆಯನ್ನೂ ಬಿಡದೆ ಬಿಡಿಸಿದ್ದಾನೆ ದರಿದ್ರದವನು.

ಆ ಹೆಂಗಸು ಗುಬ್ಬಿಗೆ ಕಟ್ಟಲು ಸುತ್ತಿ ತಂದಿದ್ದ ಹಗ್ಗ ಬಿಚ್ಚಿದಳು.

"ಊಟದ ಹೊತ್ತು. ತಿಂದು ಹೋಗಲಿ."

ಯಾರು ಮಾತಾಡಿದ್ದು ಎಂದು ಎಲ್ಲರೂ ತಿರುಗಿದರು. ನಾನೂ ತಿರುಗುವವಳೇ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಮ್ಮ, ಅವರಿಗೆ ಹೊತ್ತಾಗುತ್ತೆ" ಅಂದಳು ಮಗಳು.

"ಕೂತ್ಕೊಳ್ಳಲಿ. ನೀನೂ ಕೂತ್ಕೋ. ಒಂದು ದಿನಾನಾದ್ರೂ ಅದು ಉಣ್ಣೋದು ನೋಡಿದೀಯಾ?"

ನೋಡಿರಲಿಲ್ಲ. ಅವಳು ಡ್ಯೂಟಿಯಲ್ಲಿರುವ ಹೊತ್ತಿಗೇ ಇದರ ಊಟ, ರಜೆಯ ಸಂಜೆ ಅವಳಿಗೆ ನಿದ್ದೆ. ಶೂ ಬಿಚ್ಚಿ ಪಕ್ಕಕ್ಕೆ ಎಸೆದು ಕೂತಳು. ಅಳಿಯ ಕತ್ತು ತಂದು ನನ್ನ ಕೈಗೆ ಕೊಡಲು ಬಂದ. ತಲೆ ಅಲ್ಲಾಡಿಸಿದೆ. ಅವನೇ ಹಿಡಿದ. ಗಟ್ಟಿಯಾಗಿಯೇ ಹಿಡಿದ. ಗುಬ್ಬಿ ಅವಸರವಿಲ್ಲದೆ ಅಗಿದಳು. ಕಟಕ್, ಕಟಕ್. ಆಶ್ರಯದ ಹೆಂಗಸು ಹಗ್ಗವನ್ನು ನೆಲಕ್ಕಿಟ್ಟು ಗಲ್ಲಕ್ಕೆ ಕೈಯೂರಿ ನೋಡಿದಳು. ಮುಗಿದ ಮೇಲೆ ಗುಬ್ಬಿ ಎದ್ದು, ಕಡಿದ ಕುರ್ಚಿಯನ್ನು ದಾಟಿ, ಮಗಳ ಶೂ ಮೂಸಿ, ಅದನ್ನೂ ದಾಟಿ, ಎರಡು ಸುತ್ತು ತಿರುಗಿ ಸೀದಾ ಹಗ್ಗದ ಮೇಲೆ ಬಿದ್ದು ಮಲಗಿದಳು.

"ಎಬ್ಬಿಸಬೇಕಾ?" ಎಂದು ಆ ಹೆಂಗಸು ಮಗಳನ್ನು ಕೇಳಿದಳು.

ಮಗಳು ನಾಯಿಯ ಮೂತಿಯ ಪಕ್ಕದಲ್ಲೇ ಇದ್ದ ತನ್ನ ಶೂ ನೋಡುತ್ತಿದ್ದಳು. "ದಿನಾ ಹೀಗೇನಾ?"

"ದಿನಾ ಹೀಗೇ" ಅಂದ ಅಳಿಯ.

"ಅಮ್ಮ, ಇದನ್ನ ಕಳಿಸಿ ಕಳಿಸಿ ಅಂತ ಮೊದಲಿಂದ ಬರೀತಿದ್ದೋಳು ನೀನೇ ಅಲ್ವಾ?"

"ಎಲ್ಲಿ ಬರ್ದಿದೀನಿ, ತೋರ್ಸು."

ಅವಳು ಸ್ಲೇಟನ್ನು ನೋಡಿದಳು. ಖಾಲಿ. ಆ ಕಡೆ ತಿರುಗಿ ನಕ್ಕಳು, ಭುಜ ಅಲುಗಿದ್ದು ಕಂಡಿತು. ಆಶ್ರಯದ ಹೆಂಗಸು ಗುಬ್ಬಿಗೆ ಎಚ್ಚರವಾಗದಂತೆ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು, ಸುತ್ತಿ, ಹೊರಟುಹೋದಳು. ಆ ನಾಲ್ಕು ಹಾಳೆಯನ್ನು ಕೇಳಿ ತೆಗೆದುಕೊಂಡಳು. ಇವನು ಬರೆದದ್ದನ್ನು ಓದುವವರೂ ಇದ್ದಾರೆ ಎಂದಾಯಿತು.

ಅಳಿಯನಿಗೆಂದು ಕಟ್ಟಿದ್ದ ಗಂಟು ಹಾಗೇ ಇದೆ. ಬಿಚ್ಚಲು ಇವತ್ತು ದವಡೆ ನೋವು.

ಜುಲೈ ೧೭, ಗುರುವಾರ

ನನ್ನ ಮನೆ, ನನ್ನ ಮೇಜು. ಯಾರ ಮಿಕ್ಸಿಯೂ ಇಲ್ಲ. ಆರು ವಾರ ಕನಸು ಕಂಡ ಗರಿಗರಿ ಬ್ರೆಡ್ಡು ಸುಟ್ಟುಕೊಂಡೆ. ಸಣ್ಣ ತುಂಡು ಮಾಡಿ ಎರಡೂ ಕಡೆ ಸಮವಾಗಿ ಅಗಿದೆ, ಗಿರಾಕಿಗಳಿಗೆ ಹೇಳಿಕೊಡುವ ಹಾಗೆ. ಯಾವ ತಪ್ಪೂ ಇಲ್ಲ. ಬೇಗ ಮುಗಿಯಿತು.

ಆಮೇಲೆ ಎದ್ದು ಡಬ್ಬಿಗಳನ್ನು ತೆಗೆದು ನೋಡಿದೆ. ಯಾಕೋ. ಹೊಟ್ಟೆ ತುಂಬಿತ್ತು, ಬಾಯಿಗೂ ಕೆಲಸ ಸಿಕ್ಕಿತ್ತು.

ಜುಲೈ ೨೦, ಭಾನುವಾರ

ಹಲ್ಲು ಕಿತ್ತ ಜಾಗ ಹೇಗೆ ಮಾಗಿದೆಯೆಂದು ಯಾರಾದರೂ ನೋಡಬೇಕಲ್ಲ. ಅಳಿಯನನ್ನು ನಂಬಿ ಕೂರುವಷ್ಟು ಮರುಳು ನನಗಿಲ್ಲ. ಕಟುಕನ ಅಂಗಡಿಯಲ್ಲಿ ನಾನೇ ಆರಿಸಿ ಕತ್ತು ಕಟ್ಟಿಸಿಕೊಂಡೆ. ಇವನು ತಂದರೆ ಸಣ್ಣವನ್ನೇ ತರುತ್ತಾನೆ.

ಬಾಗಿಲು ತೆಗೆದವನ ಕುತ್ತಿಗೆಯಲ್ಲಿ ಆ ಕಟ್ಟರ್ ಇನ್ನೂ ನೇತಾಡುತ್ತಿತ್ತು. "ತಂತಿ ಬಿಚ್ಚಾಯ್ತಲ್ಲೋ ಮಹಾರಾಯ, ಇನ್ನೂ ಯಾಕೆ ಅದು?" ಎಂದು ಕೇಳಿದೆ. "ಹೌದಲ್ವಾ ಅತ್ತೆ" ಎಂದು ನಕ್ಕ, ತೆಗೆಯಲಿಲ್ಲ. ಮಗಳಿಗೆ ವಾರದ ರಜೆ; ಬ್ರೆಡ್ಡು ಸುಟ್ಟು ತಂದಳು, ಒಂದು ಕಡೆ ಕಪ್ಪು. ಅಡುಗೆಯನ್ನು ಚಿಕ್ಕಂದಿನಲ್ಲೇ ಕಲಿಸಬೇಕಿತ್ತು.

ನೆಲದ ಮೇಲೆ, ಗಾಳಿ ಬರುವ ಆ ಜಾಗದಲ್ಲಿ ಕೂತೆ. ಎಡಗೈಯಲ್ಲಿ ಗುಬ್ಬಿಯ ಕತ್ತು, ಬಲಗೈಯಲ್ಲಿ ನನ್ನ ಬ್ರೆಡ್ಡು. ಅವಳು ಅಗಿದಳು, ನಾನೂ ಅಗಿದೆ. ಅಳಿಯ ಏನೋ ಕೇಳಿದ. ತಿನ್ನುವಾಗ ಮಾತಾಡಿಸಬೇಡ ಎಂದು ಕೈ ಎತ್ತಿದೆ.

ಇವತ್ತು ಊಟ ಮುಗಿಯಲು ಬಹಳ ಹೊತ್ತು ಹಿಡಿಯಿತು.